ಮನೆಯೂ ಅಂಗಡಿಯೂ: ದಿಲ್ಲಿಯ ವಲಯನಿಯಮಗಳ ಒಂದು ಚಾರಿತ್ರಿಕ ಅವಲೋಕನ

ಮಧ್ಯಕಾಲೀನ ಕನ್ನಡ ಶಾಸನಗಳನ್ನು ಓದುವವರಿಗೆ ಮನೆದೆರೆ, ಅಂಗಡಿದೆರೆ, ಮಗ್ಗದೆರೆ, ಗಾಣದೆರೆ ಎಂಬ ಹೆಸರುಗಳು ಅಪರಿಚಿತವಲ್ಲ. ಸಾಮಾನ್ಯವಾಗಿ ನಾವು ಇವುಗಳನ್ನು ಆದಾಯದ ಬಾಬುಗಳೆಂದಷ್ಟೇ ಓದಿ ಮುಂದೆ ಸಾಗುತ್ತೇವೆ. ಆದರೆ ಇವುಗಳಲ್ಲಿ ಒಂದು ಸಾಮಾಜಿಕ ಸಂಗತಿಯೂ ಅಡಗಿದೆ. ನೇಕಾರನ ಮಗ್ಗವಿದ್ದುದು ಅವನ ಮನೆಯಲ್ಲಿಯೇ. ಪ್ರಭುತ್ವವು ವಾಸವನ್ನೂ ದುಡಿಮೆಯನ್ನೂ ಲೆಕ್ಕದಲ್ಲಿ ಬೇರ್ಪಡಿಸಿತೇ ಹೊರತು, ಅವೆರಡೂ ಬೇರೆ ಬೇರೆ ನೆಲದ ಮೇಲಿರಬೇಕೆಂದು ಈ ತೆರಿಗೆಗಳ ಮೂಲಕ ವಿಧಿಸಲಿಲ್ಲ. ಜೇಡರ ದಾಸಿಮಯ್ಯ, ಮೇದಾರ ಕೇತಯ್ಯ ಮೊದಲಾದ ಶರಣರ ಹೆಸರುಗಳಲ್ಲಿಯೇ ಕಾಯಕವು ಬೆಸೆದುಕೊಂಡಿರುವುದನ್ನು ಇಲ್ಲಿ ನೆನೆಯಬಹುದು.

ಹಾಗೆಂದು ಆ ಕಾಲವನ್ನು ಆದರ್ಶವೆಂದು ಕೊಂಡಾಡುವುದು ಉಚಿತವಲ್ಲ. ಊರಿನ ಕೇರಿಗಳು ವಿಂಗಡಣೆಗೊಂಡದ್ದು ಜಾತಿಯ ಆಧಾರದ ಮೇಲೆ. ನೆಲದ ಬಳಕೆಯನ್ನು ಗೆರೆಯೆಳೆದು ಬೇರ್ಪಡಿಸುವ ಆಧುನಿಕ ಕ್ರಮಕ್ಕೂ ಆ ವಿಂಗಡಣೆಗೂ ವ್ಯತ್ಯಾಸವುಂಟು. ಆದರೂ ಗೆರೆಯ ಹೊರಗೆ ಉಳಿಯುವವರು ಯಾರು ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ದಿಲ್ಲಿಯ ಅನುಭವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1639ರಲ್ಲಿ ಷಹಜಹಾನನು ಕಟ್ಟಲು ತೊಡಗಿದ ಷಹಜಹಾನಾಬಾದಿನಲ್ಲಿ ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ವಾಸ ಎಂಬ ವಿನ್ಯಾಸ ಸಹಜವಾಗಿತ್ತು. ಚಾಂದನಿ ಚೌಕದ ಕಟರಾಗಳಲ್ಲಿ ಅದರ ಕುರುಹುಗಳು ಉಳಿದುಬಂದಿವೆ. ಇದಕ್ಕೆ ತೀರ ಭಿನ್ನವಾದ ಕಲ್ಪನೆಯೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಲಗೊಂಡಿತು. 1916ರಲ್ಲಿ ನ್ಯೂಯಾರ್ಕ್ ನಗರವು ವಲಯನಿಯಮಗಳನ್ನು ಜಾರಿಗೆ ತಂದಿತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಕಾರ್ಖಾನೆಯ ಹೊಗೆಯಿಂದ ಮನೆಗಳನ್ನು ಕಾಪಾಡಬೇಕೆಂಬ ಆಶಯವು ನ್ಯಾಯವಾದುದೇ. ಆದರೆ ಹೊಗೆಯುಗುಳುವ ಕಾರ್ಖಾನೆಗೂ ದಿನಸಿಯ ಅಂಗಡಿಗೂ ನಡುವಿನ ಅಂತರವನ್ನು ಈ ಗೆರೆಗಳು ಎಲ್ಲೆಡೆಯೂ ಗಮನಿಸಲಿಲ್ಲ.

1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಸ್ಥಾಪಿತವಾಯಿತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಬಂದ, ಆಲ್ಬರ್ಟ್ ಮೇಯರ್ ಮೊದಲಾದ ತಜ್ಞರ ಸಲಹೆಯೊಡನೆ ಸಿದ್ಧವಾದ ಮಹಾಯೋಜನೆಯು 1962ರಲ್ಲಿ ಜಾರಿಗೆ ಬಂದಿತು. ಅದು ನಗರಭೂಮಿಯನ್ನು ವಾಸ, ವಾಣಿಜ್ಯ, ಕೈಗಾರಿಕೆ ಎಂಬಿತ್ಯಾದಿ ವಲಯಗಳಾಗಿ ವಿಂಗಡಿಸಿ, ವ್ಯಾಪಾರವು ಗೊತ್ತುಪಡಿಸಿದ ಕೇಂದ್ರಗಳಲ್ಲಿ ನೆಲೆಸಬೇಕೆಂದು ಬಯಸಿತು. ಆ ಕೇಂದ್ರಗಳು ಜನಸಂಖ್ಯೆಯ ವೇಗದಲ್ಲಿ ನಿರ್ಮಾಣವಾಗಲಿಲ್ಲ. ಜನರು ಮಾತ್ರ ಕಾಯಲಿಲ್ಲ. ಮನೆಯ ಮುಂಗೋಣೆಗಳು ಅಂಗಡಿಗಳಾದವು. 1990ರ ಎರಡನೆಯ ಮಹಾಯೋಜನೆಯು ಮಿಶ್ರ ಭೂಬಳಕೆಗೆ ಕೆಲವು ಷರತ್ತುಗಳ ಮೇಲೆ ಅವಕಾಶ ನೀಡಿತಾದರೂ, ಕಾಗದಕ್ಕೂ ಬೀದಿಗೂ ನಡುವಿನ ಕಂದರ ಮುಚ್ಚಲಿಲ್ಲ.

2006ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ವಾಸದ ಕಟ್ಟಡಗಳಲ್ಲಿನ ಅನಧಿಕೃತ ವ್ಯಾಪಾರದ ವಿರುದ್ಧ ಕ್ರಮ ಜರುಗಿಸಲು ಆದೇಶಿಸಿತು. ಮಾರ್ಚ್ ಕೊನೆಯಿಂದ ಅಂಗಡಿಗಳಿಗೆ ಬೀಗಮುದ್ರೆ ಹಾಕುವ ಕಾರ್ಯ ಆರಂಭವಾಯಿತು. ಸಂಸತ್ತು ಅದೇ ವರ್ಷ ವಿಶೇಷ ಕಾಯಿದೆಯ ಮೂಲಕ ತಾತ್ಕಾಲಿಕ ರಕ್ಷಣೆ ನೀಡಿತು. ಆದರೂ ಸಂಘರ್ಷ ನಿಲ್ಲಲಿಲ್ಲ. ಸೆಪ್ಟೆಂಬರ್ 20ರಂದು ಸೀಲಂಪುರದ ಪ್ರತಿಭಟನೆಯಲ್ಲಿ ಜೀವಹಾನಿಯೂ ಆಯಿತು. ಇಲ್ಲಿ ನ್ಯಾಯಾಲಯದ ವಾದವನ್ನು ತಳ್ಳಿಹಾಕಲಾಗದು: ನಿಯಮ ಪಾಲಿಸಿದ ನೆರೆಯವನ ನೆಮ್ಮದಿಗೂ ಬೆಲೆಯುಂಟು. ಆದರೆ ಯೋಜನೆಯ ವೈಫಲ್ಯದ ದಂಡವನ್ನು ಅಂಗಡಿಯವನೊಬ್ಬನೇ ತೆರಬೇಕೆ ಎಂಬ ಪ್ರಶ್ನೆಯೂ ಅಷ್ಟೇ ಗಂಭೀರವಾದುದು.

2007ರ ಫೆಬ್ರವರಿ 7ರಂದು ಪ್ರಕಟವಾದ ಮಹಾಯೋಜನೆಯು ಮಿಶ್ರ ಬಳಕೆಯನ್ನು ನಿಯಮಬದ್ಧಗೊಳಿಸಿತು. ಅದರ ಅಳತೆಗೋಲು ಮುಖ್ಯವಾಗಿ ಬೀದಿಯ ಅಗಲ. ಸಾಮಾನ್ಯ ನಿವೇಶನ ಬಡಾವಣೆಗಳಲ್ಲಿ ಸಿ, ಡಿ ವರ್ಗಗಳಿಗೆ 18 ಮೀಟರು, ಇ, ಎಫ್, ಜಿ ವರ್ಗಗಳಿಗೆ 13.5 ಮೀಟರು, ಕೋಟೆಯೊಳಗಿನ ಹಳೆಯ ನಗರಕ್ಕೆ 6 ಮೀಟರು. ಹಾಲು, ತರಕಾರಿ, ಔಷಧಿಯಂಥ ನಿತ್ಯೋಪಯೋಗಿ ವಸ್ತುಗಳನ್ನು ಮಾರುವ, 20 ಚದರ ಮೀಟರು ಮೀರದ ಚಿಕ್ಕ ಅಂಗಡಿಗಳಿಗೆ ನೆಲ ಅಂತಸ್ತಿನಲ್ಲಿ ಪ್ರತ್ಯೇಕವಾಗಿ ಅವಕಾಶ ದೊರೆಯಿತು. ಬಳಕೆಯ ಬದಲಾವಣೆಗಾಗಿ ಶುಲ್ಕವನ್ನೂ ವಿಧಿಸಲಾಯಿತು. ಒಂದರ್ಥದಲ್ಲಿ ಅಂಗಡಿದೆರೆಯು ಮರಳಿ ಬಂದಿತೆನ್ನಬಹುದು.

ಇಷ್ಟರಿಂದ ಎಲ್ಲ ಮಿಶ್ರಣವೂ ಕ್ಷೇಮಕರವೆಂದು ತೀರ್ಮಾನಿಸುವಂತಿಲ್ಲ. 2019ರ ಡಿಸೆಂಬರ್ 8ರಂದು ಅನಾಜ್ ಮಂಡಿಯ ಇಕ್ಕಟ್ಟಾದ ವಸತಿಪ್ರದೇಶದಲ್ಲಿದ್ದ ತಯಾರಿಕಾ ಕಟ್ಟಡಕ್ಕೆ ಬೆಂಕಿ ತಗುಲಿ, ಅಲ್ಲಿಯೇ ಮಲಗಿದ್ದ ಕಾರ್ಮಿಕರೂ ಸೇರಿ 40ಕ್ಕೂ ಹೆಚ್ಚು ಜನರು ಮಡಿದರು. ದುಡಿಯುವಲ್ಲಿಯೇ ಮಲಗುವುದು ಅವರ ಪಾಲಿಗೆ ಆಯ್ಕೆಯಾಗಿರದೆ ಅನಿವಾರ್ಯವಾಗಿತ್ತು. ನೇಕಾರನ ಮನೆಯ ಮಗ್ಗವನ್ನೂ ಈ ಕಟ್ಟಡವನ್ನೂ ಒಂದೇ ಹೆಸರಿನಿಂದ ಕರೆಯುವುದು ಇತಿಹಾಸಕ್ಕೆ ಬಗೆಯುವ ಅಪಚಾರವಾದೀತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಮನೆ ಮತ್ತು ಅಂಗಡಿ ಒಂದೆಡೆ ಇರಬಹುದೆ ಎಂಬುದನ್ನು ಇತಿಹಾಸವು ಎಂದೋ ಇತ್ಯರ್ಥಪಡಿಸಿದೆ. ಉಳಿದಿರುವುದು, ಎಂಥ ದುಡಿಮೆ, ಎಷ್ಟು ಪ್ರಮಾಣದಲ್ಲಿ, ಯಾರ ಸುರಕ್ಷತೆಗೆ ಯಾರು ಹೊಣೆ ಎಂಬ ವಿವೇಚನೆ. ಬೀದಿಯ ಅಗಲವನ್ನು ಅಳೆಯುವ ಪಟ್ಟಿ ಇದರಲ್ಲಿ ಒಂದಂಶಕ್ಕೆ ಮಾತ್ರ ಉತ್ತರಿಸಬಲ್ಲುದು.