ಅವಧಿಪೂರ್ವ ಶಿಶುಗಳ ಅಂಗಮರ್ದನ

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ಮೈಯನ್ನು ಆಸ್ಪತ್ರೆಯಲ್ಲೇ ನಿಧಾನವಾಗಿ ನೀವಿ, ಕೈಕಾಲುಗಳನ್ನು ಮಡಿಸಿ ಬಿಡಿಸುವ ಆರೈಕೆ. ಹಿಂದೆ ಇಂಥ ಶಿಶುಗಳನ್ನು ಆದಷ್ಟು ಮುಟ್ಟದಿರುವುದೇ ಕ್ಷೇಮ ಎಂಬ ಎಣಿಕೆ ಬಲವಾಗಿತ್ತು. ಹಾಗಾಗಿ ಇನ್‌ಕ್ಯುಬೇಟರಿನೊಳಗಿನ ಮಗುವಿಗೆ ಸಿಗುತ್ತಿದ್ದ ಸ್ಪರ್ಶವೆಂದರೆ ಹೆಚ್ಚಾಗಿ ಸೂಜಿ, ನಳಿಕೆಗಳದ್ದು.

ಈ ಎಣಿಕೆಯನ್ನು ಸಡಿಲಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಟಿಫನಿ ಫೀಲ್ಡ್ ಪ್ರಮುಖರು. 1986ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 20 ಶಿಶುಗಳಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ 10 ದಿನ ಮರ್ದನ ಮಾಡಲಾಯಿತು. ಮರ್ದನವಿಲ್ಲದ 20 ಶಿಶುಗಳಿಗೆ ಹೋಲಿಸಿದರೆ ಇವುಗಳ ದಿನದ ತೂಕವೃದ್ಧಿ ಶೇ. 47ರಷ್ಟು ಹೆಚ್ಚಿತ್ತು, ಆರು ದಿನ ಮೊದಲೇ ಮನೆಗೆ ಹೋದವು. ಕುಡಿದ ಹಾಲಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಮಿದುಳಿನಿಂದ ಹೊಟ್ಟೆಯವರೆಗೆ ಸಾಗುವ ವೇಗಸ್ ನರ ಚುರುಕಾಗಿ ಜಠರದ ಚಲನೆ ಹೆಚ್ಚುವುದು, ಇನ್ಸುಲಿನ್ ಹಾಗೂ ಬೆಳವಣಿಗೆಗೆ ನೆರವಾಗುವ ಐಜಿಎಫ್-1 ಏರುವುದು ಈ ತೂಕವೃದ್ಧಿಗೆ ಕಾರಣವೆಂದು ಅನಂತರದ ಅಧ್ಯಯನಗಳು ಸೂಚಿಸಿವೆ.

ಒತ್ತಡದ ಹದವೇ ಇಲ್ಲಿ ಮುಖ್ಯ. ತೀರ ಹಗುರವಾಗಿ ಸವರಿದರೆ ಮಗುವಿಗೆ ಕಚಗುಳಿಯಾಗಿ ಕಿರಿಕಿರಿಯಾಗುತ್ತದೆ. ಮಧ್ಯಮ ಒತ್ತಡವೇ ಫಲ ಕೊಡುತ್ತದೆ. ಬಾಣಂತನದ ಮನೆಗಳಲ್ಲಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವ ರಭಸವೂ ಈ ಶಿಶುಗಳಿಗೆ ಸಲ್ಲದು. ಫೀಲ್ಡ್ ವಿಧಾನದಲ್ಲಿ ಮೊದಲ ಐದು ನಿಮಿಷ ಮಗುವನ್ನು ಬೋರಲು ಮಲಗಿಸಿ ತಲೆ, ಭುಜ, ಬೆನ್ನು, ಕಾಲು, ತೋಳುಗಳನ್ನು ನೀವಲಾಗುತ್ತದೆ. ನಡುವಿನ ಐದು ನಿಮಿಷ ಅಂಗಾತ ಮಲಗಿಸಿ ಕೈಕಾಲು ಆಡಿಸಿ, ಕೊನೆಗೆ ಮತ್ತೆ ನೀವುತ್ತಾರೆ.

ಎಣ್ಣೆ ಕಡ್ಡಾಯವಲ್ಲ; ಬಳಸುವುದಾದರೆ ಯಾವ ಎಣ್ಣೆ ಎಂಬುದು ಮುಖ್ಯ. ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸೂರ್ಯಕಾಂತಿ ಎಣ್ಣೆ ಹಚ್ಚಿದ ಶಿಶುಗಳಲ್ಲಿ ಸೋಂಕು ಕಡಿಮೆಯಾದದ್ದು 2005ರಲ್ಲಿ ವರದಿಯಾಯಿತು. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಹಾನಿ ಮಾಡಬಲ್ಲದು.

ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2004ರ ಕೊಕ್ರೇನ್ ವಿಮರ್ಶೆ ತೂಕದ ಲಾಭವನ್ನು ಗುರುತಿಸಿತಾದರೂ, ಅದು ದಿನಕ್ಕೆ ಸುಮಾರು 5 ಗ್ರಾಂ ಮಾತ್ರವೆಂದು ಲೆಕ್ಕ ಹಾಕಿ, ಅಧ್ಯಯನಗಳ ಗುಣಮಟ್ಟವನ್ನು ಪ್ರಶ್ನಿಸಿತು. ಆದ್ದರಿಂದ ಮರ್ದನವನ್ನು ಎದೆಹಾಲು, ಮಗುವನ್ನು ಬರಿಮೈಗೆ ತಾಗಿಸಿ ಎದೆಗವಚಿಕೊಳ್ಳುವ ಕಾಂಗರೂ ಆರೈಕೆಗಳಿಗೆ ಬದಲಿಯಾಗಿ ಅಲ್ಲ, ಅವುಗಳ ಜೊತೆಗೇ ಬಳಸಬೇಕು. ಉಸಿರಾಟ, ಹೃದಯಬಡಿತ ಸ್ಥಿರವಾದ ಮೇಲೆ, ವೈದ್ಯರ ಒಪ್ಪಿಗೆಯಿಂದ, ಹಾಲುಣಿಸಿದ ಕೂಡಲೇ ಅಲ್ಲದೆ ಸ್ವಲ್ಪ ಬಿಡುವು ಕೊಟ್ಟು ಮಾಡಬೇಕು. ನರ್ಸ್ ಬಳಿ ಕಲಿತು ತಾಯಿ ತಂದೆಯರೇ ಮಾಡಬಹುದು. ಮಗುವಿನ ಮೈಬಣ್ಣ ಬದಲಾದರೆ, ಬಿಕ್ಕಳಿಕೆ ಬಂದರೆ, ಬೆರಳುಗಳನ್ನು ಸೆಟೆದು ಅಗಲಿಸಿದರೆ ಕೂಡಲೇ ನಿಲ್ಲಿಸಬೇಕು.