ತೆರೆಯ ಜಾತಕ

ಕಂಪ್ಯೂಟರಿಗೆ ಲಿನಕ್ಸ್ ಹಾಕುವುದು ಈಗ ಅರ್ಧ ಗಂಟೆಯ ಕೆಲಸ. ಹೆಸರು, ಊರು, ಗುಟ್ಟಿನ ಪದ ಇಷ್ಟನ್ನು ಕೇಳಿಕೊಂಡು ಯಂತ್ರ ತಾನೇ ಅಣಿಯಾಗುತ್ತದೆ. ಮೂವತ್ತು ವರ್ಷಗಳ ಹಿಂದೆ ಅದು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಅವುಗಳಲ್ಲಿ ಒಂದಕ್ಕೆ ತಪ್ಪು ಉತ್ತರ ಕೊಟ್ಟರೆ ಸಾವಿರಾರು ರೂಪಾಯಿ ಬೆಲೆಯ ಮಾನಿಟರು ಸುಟ್ಟುಹೋಗುವ ಭಯವಿತ್ತು. ಆ ಒಂದು ಪ್ರಶ್ನೆಯ ಚರಿತ್ರೆಯನ್ನು ಬರೆದಿಡಬೇಕೆಂದು ನನಗೆ ಬಹುದಿನಗಳ ಆಸೆ.

ಲಿನಕ್ಸನ್ನು 1991ರಲ್ಲಿ ಬರೆಯತೊಡಗಿದವರು ಹೆಲ್ಸಿಂಕಿಯಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್. ಅದು ಯೂನಿಕ್ಸ್ ಮನೆತನಕ್ಕೆ ದತ್ತು ಬಂದ ಕೂಸು; ರಕ್ತಸಂಬಂಧವಿಲ್ಲ, ಆಚಾರವೆಲ್ಲ ಆ ಮನೆಯದೇ. ಕಪ್ಪು ತೆರೆಯ ಮೇಲೆ ಅಕ್ಷರಗಳು ಮೂಡಿದರೆ ಸಾಕೆನ್ನುವವನಿಗೆ ತೊಡಕಿರಲಿಲ್ಲ. ಚಿತ್ರವೂ ಕಿಟಕಿಗಳೂ ಬೇಕೆಂದರೆ ‘ಎಕ್ಸ್’ ಎಂಬ ವ್ಯವಸ್ಥೆಯನ್ನು ಹೂಡಬೇಕು. ಅದು 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ್ದು. ಅದನ್ನು ಮನೆಬಳಕೆಯ ಪಿಸಿಗಳಿಗೆ ಒಗ್ಗಿಸಿ ಉಚಿತವಾಗಿ ಹಂಚಲು 1992ರಲ್ಲಿ ಕೆಲವರು ಕೈಹಾಕಿದ ಕೆಲಸಕ್ಕೆ ‘ಎಕ್ಸ್‌ಫ್ರೀ86’ ಎಂದು ಹೆಸರು.

ದೊಡ್ಡ ಕಂಪನಿಗಳ ಯೂನಿಕ್ಸ್ ಯಂತ್ರಗಳಲ್ಲಿ ಗಣಕವನ್ನೂ ತೆರೆಯನ್ನೂ ಒಬ್ಬರೇ ಜೋಡಿಸಿ ಕೊಡುತ್ತಿದ್ದರು. ಒಂದರ ಸ್ವಭಾವ ಇನ್ನೊಂದಕ್ಕೆ ಗೊತ್ತು. ಪಿಸಿ ಹಾಗಲ್ಲ. ಒಳಗಿನ ಕಾರ್ಡು ಒಬ್ಬರದು, ಮಾನಿಟರು ಇನ್ನೊಬ್ಬರದು. ಎರಡಕ್ಕೂ ಪರಸ್ಪರ ಮಾತಿಲ್ಲ. ಆದ್ದರಿಂದ ಮಾನಿಟರಿನ ಜಾತಕವನ್ನು ಯಜಮಾನನೇ ಕೂತು ಒಂದು ಕಡತದಲ್ಲಿ ಬರೆಯಬೇಕಾಗಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಓದುಗರು ಮನ್ನಿಸಬೇಕು. ಅತಿ ಸರಳವಾದ ಚಿತ್ರಕ್ಕೆ ಅಡ್ಡ 640 ಚುಕ್ಕೆ, ಉದ್ದ 480 ಸಾಲು. ಆದರೆ ಕಡತದಲ್ಲಿ 800 ಮತ್ತು 525 ಎಂದು ಬರೆಯಬೇಕು. ಗಾಜಿನ ಕೊಳವೆಯೊಳಗಿನ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿದ ಮೇಲೆ, ಬರೆಯುವ ಕೈಯಂತೆ, ಎಡಕ್ಕೆ ಮರಳಬೇಕು. ಪುಟ ಮುಗಿದ ಮೇಲೆ ಮೇಲಕ್ಕೆ ಹೋಗಬೇಕು. ಉಳಿದ 160 ಚುಕ್ಕೆ, 45 ಸಾಲು ಆ ಹಿಂಪಯಣದ ಸಮಯ. ಎಂಟುನೂರನ್ನು 525ರಿಂದ ಗುಣಿಸಿದರೆ 4,20,000. ಕಾರ್ಡು ಸೆಕೆಂಡಿಗೆ 2,51,75,000 ಚುಕ್ಕೆಗಳನ್ನು ಕಳಿಸುತ್ತದೆ. ಭಾಗಿಸಿ ನೋಡಿ: ಸೆಕೆಂಡಿಗೆ ಹತ್ತಿರಹತ್ತಿರ 60 ಚಿತ್ರ, ಸುಮಾರು 31,500 ಸಾಲು. ಮಾನಿಟರಿನ ಶಕ್ತಿಗೆ ಮೀರಿದ ವೇಗವನ್ನು ಬರೆದರೆ ಹಳೆಯ ಮಾನಿಟರಿನ ಒಳಗಿನ ಭಾಗಗಳು ಕಾದು ಕೆಡಬಹುದು. ಅದರ ಎಚ್ಚರಿಕೆ ಕೈಪಿಡಿಯಲ್ಲೇ ಇತ್ತು. ಎರಿಕ್ ರೇಮಂಡ್ ಎಂಬವರು ಈ ಲೆಕ್ಕಕ್ಕೆಂದೇ ಒಂದು ಮಾರ್ಗದರ್ಶಿಯನ್ನು ಬರೆದರು.

ನಮ್ಮಲ್ಲಿ ಈ ವಿದ್ಯೆ ಹರಡಿದ್ದು ಹೆಚ್ಚಾಗಿ ಸಿಡಿಗಳ ಮೂಲಕ. ಸಾರ್ವಜನಿಕರಿಗೆ ಅಂತರ್ಜಾಲ ಬಂದದ್ದು 1995ರ ಆಗಸ್ಟಿನಲ್ಲಿ, ಅದೂ ಟೆಲಿಫೋನು ತಂತಿಯ ಮೇಲೆ ತೆವಳುತ್ತ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ ಲಿನಕ್ಸಿನ ಸಿಡಿಯನ್ನು ಸಂಚಿಕೆಯೊಡನೆ ಕೊಟ್ಟಿತು. ಆ ಸಾಹಸಕ್ಕಾಗಿ ದುಡಿದವರಲ್ಲಿ ಮುಖ್ಯರು ನಮ್ಮ ಬೆಂಗಳೂರಿನಲ್ಲಿದ್ದ ಅತುಲ್ ಚಿಟ್ನಿಸ್; ಅವರು 2013ರಲ್ಲಿ ತೀರಿಕೊಂಡರು. ಸಿಡಿಯೇನೋ ಕೈಗೆ ಬಂತು, ಆದರೆ ಜಾತಕ? ನನ್ನ ಮಾನಿಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ವೋಲ್ಟೇಜು ಇತ್ತು, ವೇಗದ ಮಾತೇ ಇರಲಿಲ್ಲ. ಮಾರಿದವನನ್ನು ಕೇಳಿದರೆ, “ಕಲರ್ ಮಾನಿಟರ್ ಸಾರ್, ಒಳ್ಳೇ ಮಾಲು” ಎಂದ.

ಆದ್ದರಿಂದ ಎಲ್ಲರಂತೆ ನಾನೂ 640ರಿಂದ ಹೊರಟು ಒಂದೊಂದೇ ಮೆಟ್ಟಿಲು ಹತ್ತಿದೆ. ವೇಗ ಹೊಂದದಿದ್ದಾಗ ಚಿತ್ರ ಓರೆಯಾಗಿ ಪಟ್ಟಿಪಟ್ಟಿಯಾಗಿ ಹರಿದು, ಪೆಟ್ಟಿಗೆಯಿಂದ ಸಣ್ಣ ಕೀರಲು ದನಿ ಏಳುತ್ತಿತ್ತು. ಒಡನೆಯೇ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒತ್ತಬೇಕು. ಚಿತ್ರ ಸತ್ತು ಕಪ್ಪು ತೆರೆಯ ಅಕ್ಷರಗಳು ಮರಳುತ್ತವೆ. ಯೂನಿಕ್ಸ್ ಮನೆತನದ ದೊಡ್ಡ ಗುಣ ಇದೇ ಎಂದು ನನ್ನ ಮತ. ಅದರ ಕಟ್ಟಳೆಗಳೆಲ್ಲ ಓದಬಲ್ಲ ಅಕ್ಷರಗಳಲ್ಲಿವೆ. ಚಿತ್ರವೇ ಇಲ್ಲದ ಕತ್ತಲಲ್ಲೂ ಕಡತ ತೆರೆದು ಒಂದು ಅಂಕಿ ತಿದ್ದಬಹುದು, ಮತ್ತೆ ಹೊರಡಬಹುದು. ಆ ತಿದ್ದುವಿಕೆಯಲ್ಲಿ ಎಷ್ಟೋ ಇರುಳುಗಳು ಕಳೆದವು. ಮನೆಯವರಿಗೆ ಅದು ಹುಚ್ಚಿನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಜಾತಕವನ್ನು ಮಾನಿಟರೇ ಹೊತ್ತು ತರಬೇಕೆಂಬ ಕಟ್ಟಳೆ 1994ರಲ್ಲೇ ಆಗಿತ್ತು. ಬರಿಯ 128 ಬೈಟುಗಳಲ್ಲಿ ತನ್ನ ಹೆಸರು, ಕುಲ, ವೇಗಗಳನ್ನು ಅದು ಕಾರ್ಡಿಗೆ ಹೇಳಬಲ್ಲದು. ಹೇಳುವವರಿದ್ದರೂ ಕೇಳುವವರು ಬೇಕಲ್ಲ! 2000ದಲ್ಲಿ ಹೊರಬಂದ ಎಕ್ಸ್‌ಫ್ರೀ86ರ ನಾಲ್ಕನೆಯ ಆವೃತ್ತಿ ಅದನ್ನು ಓದುತ್ತಿತ್ತು. ಅದೇ ವರ್ಷ ಜರ್ಮನಿಯ ಕ್ಲೌಸ್ ಕ್ನಾಪರ್ ಹೊರತಂದ ‘ಕ್ನಾಪಿಕ್ಸ್’ ಸಿಡಿ, ಒಂದು ಪ್ರಶ್ನೆಯನ್ನೂ ಕೇಳದೆ ಯಂತ್ರದ ಭಾಗಗಳನ್ನು ತಾನೇ ಗುರುತಿಸಿ ಚಿತ್ರ ಮೂಡಿಸಿತು. 2004ರಲ್ಲಿ ಲೈಸೆನ್ಸಿನ ಜಗಳದಿಂದ ಮನೆ ಒಡೆದು, ಹೆಚ್ಚಿನವರು ‘ಎಕ್ಸ್.ಆರ್ಗ್’ ಕಡೆ ಹೋದರು. ಬರುಬರುತ್ತ ಕಡತ ಬರೆಯುವ ಅಗತ್ಯವೇ ಉಳಿಯಲಿಲ್ಲ.

ಗಾಜಿನ ಕೊಳವೆಯ ಮಾನಿಟರುಗಳೂ ಹೋದವು. ಈಗಿನ ಚಪ್ಪಟೆ ತೆರೆಯಲ್ಲಿ ಮರಳಬೇಕಾದ ಕಿರಣವೇ ಇಲ್ಲ. ಆದರೂ ಎಚ್.ಡಿ.ಎಂ.ಐ. ತಂತಿಯಲ್ಲಿ 640ರ ಚಿತ್ರ ಕಳಿಸುವಾಗ ಆ 800, ಆ 525 ಇನ್ನೂ ಹಾಗೆಯೇ ಇವೆ. ಕಿರಣದ ಹಿಂಪಯಣಕ್ಕೆಂದು ಬಿಟ್ಟಿದ್ದ ಆ ಖಾಲಿ ಹೊತ್ತಿನಲ್ಲಿ ಈಗ ಸಿನಿಮಾದ ಧ್ವನಿ ಸಾಗುತ್ತದೆ.