ತೋಟ ನಮ್ಮದು, ಲೋಟ ಯಾರದು?

‘ಚಿಕೋರಿ ಎಷ್ಟು ಹಾಕಲಿ?’

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಕಾಫಿ ಪುಡಿ ಅಂಗಡಿಯ ಮುಂದೆ ಹೋಗಿ ನಿಂತರೆ ಮೊದಲು ಎದುರಾಗುವ ಪ್ರಶ್ನೆ ಇದು. ಬೀಜ ಯಾವ ಬೆಟ್ಟದ್ದು, ಯಾವ ತೋಟದ್ದು, ಹುರಿದು ಎಷ್ಟು ದಿನವಾಯಿತು ಎಂಬ ಮಾತು ಅಲ್ಲಿ ಬರುವುದು ಅಪರೂಪ. ಗಿರಾಕಿ ‘ಇಪ್ಪತ್ತು ಪರ್ಸೆಂಟ್’ ಎನ್ನುತ್ತಾನೆ, ಯಂತ್ರ ಗಿರ್ರನೆ ತಿರುಗುತ್ತದೆ, ಇನ್ನೂ ಬೆಚ್ಚಗಿರುವ ಪುಡಿಯ ಪೊಟ್ಟಣ ಕೈಗೆ ಬರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು.

ಮಾವಿನ ಹಣ್ಣು ಕೊಳ್ಳುವಾಗ ಬಾದಾಮಿಯೋ ರಸಪುರಿಯೋ ಎಂದು ಕೇಳಿಯೇ ಮುಟ್ಟುವ ಜನ ನಾವು. ವೀಳ್ಯದೆಲೆ ಎಂದರೆ ಮೈಸೂರಿನದು, ರಸಬಾಳೆ ಎಂದರೆ ನಂಜನಗೂಡಿನದು. ಆದರೆ ದಿನಕ್ಕೆ ಎರಡು ಮೂರು ಬಾರಿ ಗಂಟಲಿಗಿಳಿಯುವ ಕಾಫಿಗೆ ಮಾತ್ರ ಊರಿಲ್ಲ, ಹೆಸರಿಲ್ಲ. ಭಾರತದ ಒಟ್ಟು ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ತೋಟದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇಷ್ಟು ಹತ್ತಿರದ ಬೆಳೆಯ ವಿಷಯದಲ್ಲಿ ಇಷ್ಟು ಅಜ್ಞಾನ ಹೇಗೆ ಸಾಧ್ಯವಾಯಿತು? ನಾಲಿಗೆಯ ದೋಷವೆಂದುಕೊಂಡರೆ ತಪ್ಪಾದೀತು. ಇದಕ್ಕೆ ಉತ್ತರವಿರುವುದು ಒಂದು ಕಾನೂನಿನಲ್ಲಿ.

ಕಾಫಿಯ ಲೇಖನವೆಂದರೆ ಬಾಬಾ ಬುಡನ್ ತಂದ ಏಳು ಬೀಜಗಳಿಂದಲೇ ಆರಂಭವಾಗಬೇಕೆಂಬುದು ಅಲಿಖಿತ ನಿಯಮ. ಹದಿನೇಳನೆಯ ಶತಮಾನದಲ್ಲಿ ಈ ಸೂಫಿ ಸಂತ ಹಜ್ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಹಸಿ ಬೀಜಗಳನ್ನು ಕದ್ದು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ಪ್ರತೀತಿ. ಅರಬರು ಮೊಳೆಯಬಲ್ಲ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಕಥೆಯಲ್ಲಿ ಇತಿಹಾಸವೆಷ್ಟು, ಭಕ್ತಿಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇಂದು ಆ ಗಿರಿಶ್ರೇಣಿ ಬಾಬಾಬುಡನ್ ಹೆಸರನ್ನು ಹೊತ್ತಿದೆ ಎಂಬುದಷ್ಟೇ ನಿಶ್ಚಿತ.

ಅಲ್ಲಿಂದ ಮುಂದೆ ಸುಮಾರು ನೂರೈವತ್ತು ವರ್ಷ ಕಾಫಿ ಹಿತ್ತಲ ಗಿಡವಾಗಿಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷ್ ತೋಟಗಾರರು ಮಲೆನಾಡಿಗೆ ಕಾಲಿಟ್ಟರು. ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಕಾಡುಗಳು ಒಂದೊಂದಾಗಿ ತೋಟಗಳಾದವು. ಅವರು ಬೆಳೆದದ್ದು ಲಂಡನ್ನಿನ ಮಾರುಕಟ್ಟೆಗೆ. ಬೀಜವನ್ನು ಎತ್ತಿನ ಗಾಡಿಗಳಲ್ಲಿ ಘಟ್ಟದ ಕೆಳಗಿಳಿಸಿ, ಮಂಗಳೂರಿನ ಕರಾವಳಿಯಿಂದ ಹಾಯಿಹಡಗು ಹತ್ತಿಸುತ್ತಿದ್ದರು. ಆಫ್ರಿಕಾದ ತುದಿಯನ್ನು ಬಳಸಿ ಯುರೋಪು ಮುಟ್ಟಲು ತಿಂಗಳುಗಟ್ಟಲೆ ಬೇಕು. ಹಡಗಿನ ಹೊಟ್ಟೆಯೊಳಗೆ ಕಡಲಿನ ತೇವ ಹೀರಿದ ಹಸಿರು ಬೀಜ ಊದಿಕೊಂಡು ಹಳದಿಗೆ ತಿರುಗುತ್ತಿತ್ತು, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನ ಜನ ಅದೇ ರುಚಿಗೆ ಮನಸೋತರು! 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಬೆಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ತಲುಪತೊಡಗಿತು; ಗಿರಾಕಿಗಳು ಗೊಣಗಿದರು. ಕೊನೆಗೆ ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜವನ್ನು ಹರಡಿ, ಬೇಕೆಂದೇ ಊದಿಸಿ ಕಳಿಸುವ ಪದ್ಧತಿ ಬಂತು. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಯುರೋಪಿಗೆ ಹೋಗುತ್ತಿದೆ. ಹೊರಗಿನವನ ನಾಲಿಗೆಗಾಗಿ ನಮ್ಮ ಮಳೆಗಾಲವನ್ನೇ ಕೆಲಸಕ್ಕೆ ಹಚ್ಚಿದ ಉದಾಹರಣೆ ಬೇರೆಲ್ಲಿ ಸಿಕ್ಕೀತು?

1869ರಲ್ಲೇ ಸಿಂಹಳದ ತೋಟಗಳಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಸಿಂಹಳ ಕಾಫಿಯನ್ನು ಕಿತ್ತು ಚಹಾ ನೆಟ್ಟಿತು. ರೋಗ ದಕ್ಷಿಣ ಭಾರತಕ್ಕೂ ದಾಟಿತು. ಕಾಂಡಕೊರಕ ಹುಳುವೂ ಜೊತೆಗೂಡಿತು. ಮಲೆನಾಡು ಮಾತ್ರ ಮರಗಳ ನೆರಳಿನಡಿ ಕಾಫಿಯನ್ನು ಉಳಿಸಿಕೊಂಡಿತು. ಕೆಳಮಟ್ಟದ ಪ್ರದೇಶಗಳಲ್ಲಿ ರೋಗ ತಡೆಯುವ ರೊಬಸ್ಟಾ ಬಂತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ‘ಎಸ್. 795’ ಎಂಬ ಅರೇಬಿಕಾ ತಳಿ ಇಂದಿಗೂ ಬೆಳೆಗಾರರ ಮೆಚ್ಚಿನದು.

ಆದರೆ ಲೋಟದ ಕಥೆ ತಿರುವು ಪಡೆದದ್ದು ತೋಟದಲ್ಲಲ್ಲ, ಮಾರುಕಟ್ಟೆಯಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲ ಕಚ್ಚಿತು. ದೇಶದೊಳಗೇ ಕುಡಿಯುವವರನ್ನು ಹುಟ್ಟಿಸಬೇಕೆಂದು 1935ರಲ್ಲಿ ಕಾಫಿ ಸೆಸ್ ಸಮಿತಿ ರಚನೆಯಾಯಿತು. ಮರುವರ್ಷವೇ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಯುರೋಪಿನ ಬಾಗಿಲುಗಳು ಮುಚ್ಚಿದವು. ಕೊಯ್ದ ಬೀಜ ಕೊಳ್ಳುವವರಿಲ್ಲದೆ ರಾಶಿ ಬಿತ್ತು. ಬೆಳೆಗಾರರೇ ಸರ್ಕಾರದ ಮೊರೆಹೊಕ್ಕರು. 1940ರ ಸುಗ್ರೀವಾಜ್ಞೆಯೂ ಅನಂತರ 1942ರ ಕಾಫಿ ಕಾಯಿದೆಯೂ ಬಂದವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕಾಫಿ ಮಂಡಳಿ ಅಸ್ತಿತ್ವಕ್ಕೆ ಬಂತು. ಹುಟ್ಟಿಕೊಂಡದ್ದು ‘ಪೂಲ್’ ಎಂಬ ವ್ಯವಸ್ಥೆ.

ಪೂಲ್ ಎಂದರೇನು? ಮನೆ ಬಳಕೆಗೆ ಮತ್ತು ಬಿತ್ತನೆಗೆಂದು ಬಿಟ್ಟ ಅಲ್ಪ ಪ್ರಮಾಣ ಹೊರತಾಗಿ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು. ತಾನಾಗಿ ಯಾರಿಗೂ ಮಾರುವಂತಿಲ್ಲ, ಮಾರಿದರೆ ಅಪರಾಧ. ಮಂಡಳಿ ಬೀಜವನ್ನು ಜಾತಿ ಮತ್ತು ದರ್ಜೆಯ ಪ್ರಕಾರ ವಿಂಗಡಿಸಿ ಹರಾಜು ಹಾಕುತ್ತಿತ್ತು. ರಫ್ತಿಗೆ ಒಂದು ಹರಾಜು, ದೇಶದೊಳಗಿನ ಬಳಕೆಗೆ ಇನ್ನೊಂದು. ಬಂದ ಹಣವನ್ನು ದರ್ಜೆಗೆ ನಿಗದಿಯಾದ ಪಾಯಿಂಟುಗಳ ಲೆಕ್ಕದಲ್ಲಿ ಕಂತುಕಂತಾಗಿ ಹಂಚುತ್ತಿತ್ತು. ಈ ವರ್ಷ ಕೊಟ್ಟ ಕಾಫಿಯ ಕೊನೆಯ ಕಂತು ಮುಂದಿನ ಕೊಯ್ಲು ದಾಟಿದ ಮೇಲೆ ಬಂದರೂ ಅಚ್ಚರಿಯಿಲ್ಲ.

ಈ ವ್ಯವಸ್ಥೆಯನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಯುದ್ಧಕಾಲದಲ್ಲಿ ತೋಟಗಳು ಉಳಿದದ್ದು ಇದರಿಂದ. ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲಬೇಕಿದ್ದ ನಾಲ್ಕೆಕರೆಯ ಸಣ್ಣ ಬೆಳೆಗಾರನಿಗೆ ಕೊಳ್ಳುವವನೊಬ್ಬ ಇದ್ದಾನೆಂಬ ಭರವಸೆ ದೊರೆತದ್ದೂ ಇದರಿಂದಲೇ. ಆದರೆ ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. ಅರ್ಧ ಶತಮಾನ ನಡೆಯಿತು. ಸ್ವತಂತ್ರ ಭಾರತಕ್ಕೆ ವಿದೇಶಿ ವಿನಿಮಯದ ಹಸಿವಿತ್ತು. 1960ರ ದಶಕದಿಂದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಗೊತ್ತುಪಡಿಸಿತ್ತು. ಅದರಾಚೆಗೆ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿತ್ತು. ಒಳ್ಳೆಯದು ಹೊರಗೆ ಹೋಗುವುದು, ಮಿಕ್ಕಿದ್ದು ಒಳಗೆ ಉಳಿಯುವುದು ಸಹಜವೆನಿಸಿತು.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಾಬಾಬುಡನ್‌ಗಿರಿಯ ಎತ್ತರದಲ್ಲಿ ಹಣ್ಣಾದ ಅರೇಬಿಕಾವೂ ಇನ್ನೆಲ್ಲೋ ಇಳಿಜಾರಿನಲ್ಲಿ ಬೆಳೆದ ಅರೇಬಿಕಾವೂ ಒಂದೇ ದರ್ಜೆಯದಾದರೆ ಒಂದೇ ರಾಶಿಗೆ ಬೀಳುತ್ತಿದ್ದವು. ಅಲ್ಲಿಗೆ ತೋಟದ ಹೆಸರು ಅಳಿಸಿಹೋಯಿತು. ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಹದವಾಗಿ ಒಣಗಿಸಿದವನಿಗೂ ಹೇಗೋ ದರ್ಜೆ ದಾಟಿಸಿದವನಿಗೂ ಪಾಯಿಂಟು ಒಂದೇ. ರುಚಿಗಾಗಿ ಶ್ರಮಿಸಲು ಕಾರಣವೇನು ಉಳಿಯಿತು? ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ನನ್ನೊಡನೆ ಮಾತಾಡುತ್ತಾ, ‘ನಮ್ಮಪ್ಪ ಐವತ್ತು ವರ್ಷ ಕಾಫಿ ಬೆಳೆದರು. ಅದರ ರುಚಿ ಹೇಗಿದೆ ಅಂತ ಅವರನ್ನು ಒಬ್ಬರೂ ಕೇಳಲಿಲ್ಲ, ನೋಡಿ’ ಎಂದರು. ಅವರ ಮನೆಯಲ್ಲಿ ನನಗೆ ಕೊಟ್ಟದ್ದು ಬೆಲ್ಲದ ಕಾಫಿ.

ಈಗ ಚಿಕೋರಿಗೆ ಬರೋಣ. ಇದು ಕಾಫಿಯಲ್ಲ, ಕಾಫಿಯ ನೆಂಟನೂ ಅಲ್ಲ. ನೀಲಿ ಹೂ ಬಿಡುವ ಒಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ನೆಪೋಲಿಯನ್ನನ ಕಾಲದಲ್ಲಿ ಬಂದರುಗಳಿಗೆ ದಿಗ್ಬಂಧನವಾಗಿ ಕಾಫಿ ಸಿಗದಾದಾಗ ಫ್ರಾನ್ಸಿನವರು ಇದನ್ನು ನೆಚ್ಚಿಕೊಂಡರು. ನಮ್ಮಲ್ಲಿ ಇದನ್ನು ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಇದರಲ್ಲಿ ಕೆಫೀನ್ ಇಲ್ಲ. ಆದರೆ ಬಣ್ಣ ಧಾರಾಳ, ಕಹಿ ಧಾರಾಳ, ಸುಟ್ಟ ಸಕ್ಕರೆಯಂಥ ಒಂದು ಸಿಹಿಯೂ ಉಂಟು. ಫಿಲ್ಟರಿನಲ್ಲಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಇಳಿಯಬಿಡುತ್ತದೆ; ಡಿಕಾಕ್ಷನ್ ಗಟ್ಟಿಯಾಗುತ್ತದೆ. ಕಡಿಮೆ ಕಾಫಿಯಲ್ಲಿ ಹೆಚ್ಚು ಲೋಟ! ಬೀಜ ಸಾಧಾರಣವಾಗಿದ್ದಾಗ, ಸಂಬಳ ಸಣ್ಣದಾಗಿದ್ದಾಗ, ಮನೆಗೆ ನೆಂಟರು ಬರುತ್ತಲೇ ಇದ್ದಾಗ ಇದಕ್ಕಿಂತ ಉಪಕಾರಿಯಾದ ವಸ್ತು ಬೇಕೆ? ಕಪ್ಪಗೆ ಹುರಿದ ಬೀಜ, ಒಂದಿಷ್ಟು ಚಿಕೋರಿ, ಗಟ್ಟಿ ಹಾಲು, ಸಕ್ಕರೆ, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದ ನೊರೆ. ನಾವು ಸಂಪ್ರದಾಯವೆಂದು ಹೆಮ್ಮೆಪಡುವ ಫಿಲ್ಟರ್ ಕಾಫಿ ಇದ್ದದ್ದರಲ್ಲಿ ಅಚ್ಚುಕಟ್ಟಾಗಿ ಸಂಸಾರ ಮಾಡಿದ ಗೃಹಿಣಿಯರ ಕೈಚಳಕ ಎಂದೇ ನನಗನಿಸುತ್ತದೆ.

ಕಾನೂನು ಚಿಕೋರಿಯನ್ನು ನಿಷೇಧಿಸಿಲ್ಲ, ಮಿತಿ ಹಾಕಿದೆ. ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರುವಂತಿಲ್ಲ. ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಮುದ್ರಿಸಬೇಕು. ಅಂಗಡಿಯ ಕಪಾಟಿನಲ್ಲಿರುವ ಬಣ್ಣದ ಪೊಟ್ಟಣಗಳನ್ನು ಒಮ್ಮೆ ತಿರುಗಿಸಿ ಓದಿ. ಅರ್ಧಕ್ಕರ್ಧ ಬೇರನ್ನೇ ಕಾಫಿಯ ಹೆಸರಿನಲ್ಲಿ ಕೊಳ್ಳುತ್ತಿರಬಹುದು.

ಪೂಲಿನ ಗೋಡೆ ಬಿರುಕು ಬಿಟ್ಟದ್ದು ಹೊರಗಿನ ಪೆಟ್ಟುಗಳಿಂದ. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು, ಬೆಲೆ ಇಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಆರ್ಥಿಕ ಉದಾರೀಕರಣ. ಬೆಳೆಗಾರರ ಒತ್ತಾಯಕ್ಕೆ ಮಣಿದ ಸರ್ಕಾರ 1992ರಲ್ಲಿ ಬೆಳೆಯ ಶೇಕಡ 30ನ್ನು ದೇಶದೊಳಗೆ ಸ್ವಂತವಾಗಿ ಮಾರಲು ಬಿಟ್ಟಿತು. ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚಿ, 1996ರಲ್ಲಿ ಎಲ್ಲ ಬೆಳೆಗಾರರೂ ತಮ್ಮ ಪೂರ್ತಿ ಬೆಳೆಯನ್ನು ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಪಡೆದರು. ಅದೇ 1996ರಲ್ಲಿ ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದದ್ದನ್ನು ಆಕಸ್ಮಿಕವೆನ್ನಲಾಗದು. ಮಹಾತ್ಮ ಗಾಂಧಿ ರಸ್ತೆಯ ಹಳೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಳಿಸಿಹೋಗಿದ್ದ ಊರಿನ ಹೆಸರು ಕಾಗದದ ಮೇಲಾದರೂ ಮರಳಿತು. ಬೀಜದ ಬಹುಪಾಲು ಇಂದಿಗೂ ಹಡಗು ಹತ್ತುತ್ತದೆ. ಇಟಲಿ ದೊಡ್ಡ ಗಿರಾಕಿ. ವ್ಯತ್ಯಾಸವಿಷ್ಟೆ: ಈಗ ಅದು ಕಾನೂನಿನ ಬಲವಂತದಿಂದಲ್ಲ, ಬೆಲೆಯ ಸೆಳೆತದಿಂದ.

ಹಾಗಾದರೆ ಒಳ್ಳೆಯ ಕಾಫಿ ಬೇಕೆನ್ನುವವರು ಏನು ಮಾಡಬೇಕು? ಅಂಗಡಿಯಾತ ಚಿಕೋರಿಯ ಪ್ರಶ್ನೆ ಕೇಳುವ ಮೊದಲು ನಾವೇ ಕೇಳಬೇಕು. ಬೀಜ ಅರೇಬಿಕಾವೋ ರೊಬಸ್ಟಾವೋ, ಎರಡೂ ಇದ್ದರೆ ಯಾವ ಪಾಲು? ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು, ಕಹಿಯೂ ಹೆಚ್ಚು; ಹಾಲಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಪರಿಮಳ ಬೇಕಾದರೆ ಅರೇಬಿಕಾ. ‘ಪ್ಲಾಂಟೇಷನ್ ಎ’ ಎಂದರೆ ತೊಳೆದು ಸಂಸ್ಕರಿಸಿದ ದಪ್ಪ ಅರೇಬಿಕಾ ಬೀಜ. ‘ಪಿ.ಬಿ.’ ಎಂದರೆ ಹಣ್ಣಿನಲ್ಲಿ ಎರಡರ ಬದಲು ಒಂಟಿಯಾಗಿ ಬೆಳೆದ ದುಂಡು ಬೀಜ. ‘ಚೆರ್ರಿ’ ಎಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ಹುರಿದದ್ದು ಯಾವಾಗ ಎಂಬುದು ಎಲ್ಲಕ್ಕಿಂತ ಮುಖ್ಯ. ಪುಡಿಯನ್ನು ಹತ್ತು ಹದಿನೈದು ದಿನಕ್ಕೆ ಸಾಲುವಷ್ಟೇ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಉಳಿದದ್ದು ಫಿಲ್ಟರಿನ ಕೆಲಸ. ಮೇಲಿನ ಪಾತ್ರೆ ಒದ್ದೆಯಿರಬಾರದು. ಮೂರು ಉಬ್ಬು ಚಮಚ ಪುಡಿಗೆ ಒಂದು ಸಣ್ಣ ಲೋಟ ನೀರು ಸಾಕು. ಪುಡಿಯನ್ನು ಹಗುರವಾಗಿ ಒತ್ತಿ. ಅದುಮಿದರೆ ಇಳಿಯುವುದಿಲ್ಲ, ಸಡಿಲ ಬಿಟ್ಟರೆ ನೀರು ಸರ್ರನೆ ಓಡಿಹೋಗುತ್ತದೆ. ಕುದಿ ನಿಂತ ನೀರನ್ನು ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ ಅರ್ಧ ನಿಮಿಷ ಕಾಯಿರಿ. ಹೊಸ ಪುಡಿಯಾದರೆ ಗುಳ್ಳೆಯೆದ್ದು ಉಬ್ಬುತ್ತದೆ. ಆಮೇಲೆ ಉಳಿದ ನೀರು ಹೊಯ್ದು, ಮುಚ್ಚಿ, ಇಪ್ಪತ್ತು ನಿಮಿಷ ಆ ಕಡೆ ತಿರುಗಿ ನೋಡಬೇಡಿ. ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕಾಯಿಸಿದಿರೋ, ಕೆಟ್ಟಿತು. ಹಾಲು ಆಗಷ್ಟೇ ಉಕ್ಕಿದ್ದಾಗಿರಲಿ.

ಈ ಲೇಖನಕ್ಕೆಂದು ನಾನೂ ಒಂದು ಪ್ರಯೋಗ ಮಾಡಿದೆ. ಚಿಕ್ಕಮಗಳೂರಿನ ಒಂದೇ ತೋಟದ ಅರೇಬಿಕಾ, ಚಿಕೋರಿಯಿಲ್ಲದ್ದು, ಹುರಿದು ನಾಲ್ಕು ದಿನವಾದದ್ದು, ತಂದು ಮನೆಯಲ್ಲಿ ಶಾಸ್ತ್ರೋಕ್ತವಾಗಿ ಇಳಿಸಿದೆ. ಡಿಕಾಕ್ಷನ್ ತಿಳಿಯಾಗಿ, ಕೆಂಪಗೆ ಇಳಿಯಿತು. ಕಿತ್ತಳೆ ಸಿಪ್ಪೆಯ ವಾಸನೆಯಂಥದ್ದೇನೋ ಮೂಗಿಗೆ ಬಡಿಯಿತು. ಹೆಮ್ಮೆಯಿಂದ ಅಜ್ಜಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು. ‘ವಾಸನೆ ಚೆನ್ನಾಗಿದೆ ಮಗಾ. ಆದರೆ ಇದು ಕಾಫಿಯಲ್ಲ, ಕಷಾಯ. ನನಗೆ ನನ್ನದೇ ಮಾಡಿಕೊಡು.’

ಮರುದಿನ ಅಂಗಡಿಗೆ ಹೋದಾಗ ಅದೇ ಪ್ರಶ್ನೆ ಬಂತು. ಅರ್ಧ ಕಿಲೋ ಶುದ್ಧ, ಅರ್ಧ ಕಿಲೋ ಇಪ್ಪತ್ತು ಪರ್ಸೆಂಟ್ ಎಂದೆ. ಈಗ ನಮ್ಮ ಅಡುಗೆಮನೆಯಲ್ಲಿ ಎರಡು ಫಿಲ್ಟರುಗಳಿವೆ.